ಒಂಬತ್ತು ದಿನದ ಒಗೆತ

ಲೀವೆನ್ ಸ್ಟಾಲೆನ್ಸ್ ತನ್ನ ಪರೀಕ್ಷೆಯ ವಾದ್ಯವನ್ನು ಗೊಮ್ಮಾರನ ಮನೆಯಲ್ಲಿ ಕೂತು ಮಾಡಬೇಕೆಂದು ಸಂಘದವರು ಗೊತ್ತುಮಾಡಿದ ದಿನ ಡಿಗ್ನಾ ಎರಡು ಹೆರಿಂಗ್ ಮೀನು ಹೆಚ್ಚಿಗೆ ಹುರಿದಳು. ಯಾಕೆಂದು ಗಂಡ ಕೇಳಲಿಲ್ಲ. ಗೊಮ್ಮಾರ್ ಎದುರಿಗೆ ಬಂದದ್ದನ್ನು ತಿನ್ನುವ ಗಂಡಸು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಮುಖ ನೋಡಿ ಏನನ್ನೂ ಓದಿದವನಲ್ಲ, ಮರದ ಎಳೆ ನೋಡಿ ಮಾತ್ರ ಓದುತ್ತಿದ್ದ.

ಆಂಟ್ವರ್ಪಿನಲ್ಲಿ ವರ್ಜಿನಲ್ ಎಂಬ, ಮಣೆ ಒತ್ತಿ ನುಡಿಸುವ ತಂತಿವಾದ್ಯ ಮಾಡುವವರ ಕಟ್ಟಳೆ ಹಳೆಯದು. ಮೇಸ್ತ್ರಿಯಾಗಬೇಕೆಂದವನು ಐದಡಿ ಉದ್ದದ ಒಂದು ವಾದ್ಯವನ್ನು ಪೂರ್ತಿ ತನ್ನ ಕೈಯಿಂದಲೇ ಮಾಡಿ ತೋರಿಸಬೇಕು. ಪೆಟ್ಟಿಗೆ ತನ್ನದೇ, ತಂತಿ ಬಿಗಿಯುವುದು ತನ್ನದೇ, ತಂತಿಯನ್ನು ಮೀಟುವ ಕಾಗೆಗರಿಯ ಮುಳ್ಳುಗಳನ್ನು ಕೊಯ್ದು ಕೂರಿಸುವುದೂ ತನ್ನದೇ. ಬೇರೆಯವರ ಕೈ ಸೇರಬಾರದೆಂದು ಅದನ್ನು ತನ್ನ ಮನೆಯಲ್ಲಿ ಮಾಡಕೂಡದು. ಆ ವರ್ಷದ ಇಬ್ಬರು ಪರೀಕ್ಷಕರಲ್ಲಿ ಒಬ್ಬನ ಮನೆಯಲ್ಲಿ, ಅವನ ಕಣ್ಣೆದುರು ಮಾಡಬೇಕು. ಆ ಮನೆಯ ಅನ್ನ ತಿನ್ನಬೇಕು, ಆ ಮನೆಯ ಬೆಂಕಿಗೆ ಕೈ ಕಾಯಿಸಿಕೊಳ್ಳಬೇಕು. ಆ ಮನೆಯ ಬಗ್ಗೆ ಒಂದು ದೂರೂ ಹೇಳಕೂಡದು. ಆ ವರ್ಷ ಪರೀಕ್ಷಕನ ಸರದಿ ಗೊಮ್ಮಾರನಿಗೆ ಬಂದಿತ್ತು.

ಮೂವತ್ತನಾಲ್ಕು ವರ್ಷದ ಹಿಂದೆ ಆ ಸರದಿ ಲೀವೆನ್ನನ ಅಪ್ಪ ರೋಂಬೌಟ್ ಸ್ಟಾಲೆನ್ಸನದಾಗಿತ್ತು. ಅವನ ಮನೆಯಲ್ಲಿ ಪರೀಕ್ಷೆಯ ವಾದ್ಯ ಮಾಡಿದವನು ಡಿಗ್ನಾಳ ಅಪ್ಪ, ಯೋರಿಸ್ ಬೋಗಾರ್ಟ್.

ಯೋರಿಸ್ ಸೌದೆ ಒಡೆಯುವವನ ಮಗ. ಸ್ಟಾಲೆನ್ಸನ ಕೈಕೆಳಗೆ ಹನ್ನೊಂದು ವರ್ಷ ದುಡಿದಿದ್ದ. ಆಗ ಡಿಗ್ನಾಗೆ ಹತ್ತು ವರ್ಷ. ಮಧ್ಯಾಹ್ನ ಅಪ್ಪನಿಗೆ ರೈ ರೊಟ್ಟಿ ಮತ್ತು ಈರುಳ್ಳಿ ಒಯ್ಯುತ್ತಿದ್ದಳು. ಅಪ್ಪ ವಾದ್ಯದ ತಂತಿಗಳ ಕೆಳಗೆ ಕೂರುವ ನಾದಹಲಗೆಯನ್ನು ಎತ್ತಿ ಹಿಡಿದು, ಬೆರಳಿನ ಗೆಣ್ಣಿನಿಂದ ತಟ್ಟಿ, ಅವಳ ಕಿವಿಗೆ ತಾಗಿಸುತ್ತಿದ್ದ. ಒಂದು ತಾಮ್ರದ ಕಾಸಿನಷ್ಟು ತೆಳ್ಳಗೆ ಕೆತ್ತಿದ ಹಲಗೆ ಅದು. ಒಳಗೆ ಯಾರೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತಿತ್ತು. ಆ ಸದ್ದು ಅವಳ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಪರೀಕ್ಷೆಯ ದಿನ ಸಂಘದ ಹಿರಿಯರ ಎದುರಿಗೇ ಆ ಹಲಗೆ ಸೀಳಿತು. ಹಿರಿಯರು ಕಟ್ಟಳೆಯ ಪ್ರಕಾರ ಮೂರು ಸಲ ಕೇಳಿದರಂತೆ, ಈ ದೋಷಕ್ಕೆ ಮಾಡಿದವನ ಕೈಯಲ್ಲದೆ ಬೇರೆ ಕಾರಣ ಏನಾದರೂ ಉಂಟೋ ಅಂತ. ಯೋರಿಸ್, ಕೈ ನನ್ನದೇ, ತಪ್ಪೂ ನನ್ನದೇ ಅಂದು ಟೊಪ್ಪಿಗೆ ಹಾಕಿಕೊಂಡು ಮನೆಗೆ ಬಂದ. ವರ್ಷ ಬಿಟ್ಟು ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಕೂರಲಿಲ್ಲ. ತನ್ನ ಕೈ ಸತ್ತುಹೋಯಿತು ಅನ್ನುತ್ತಿದ್ದ. ಶವಪೆಟ್ಟಿಗೆ ಮಾಡುವ ಕೆಲಸ ಹಿಡಿದ. ಸ್ಪೇನಿನ ಸಿಪಾಯಿಗಳು ಊರಿಗೆ ಬೆಂಕಿಯಿಟ್ಟ ವರ್ಷ ಆ ಕೆಲಸಕ್ಕೆ ಬಿಡುವೇ ಇರಲಿಲ್ಲ. ಒಂದೊಂದು ಪೆಟ್ಟಿಗೆಯ ಹಲಗೆಯನ್ನೂ ತಟ್ಟಿ ಕೇಳಿಯೇ ಮೊಳೆ ಹೊಡೆಯುತ್ತಿದ್ದ. ನೋಡಿದವರು ನಗುತ್ತಿದ್ದರು. ಎರಡು ವರ್ಷಕ್ಕೆ ತಾನೂ ಒಂದು ಪೆಟ್ಟಿಗೆಯೊಳಗೆ ಹೋದ.

ಸೀಳಿದ ವಾದ್ಯ ಸ್ಟಾಲೆನ್ಸನ ಮನೆಯಲ್ಲೇ ಉಳಿಯಿತು. ಅವನು ಸೀಳಿಗೆ ಪಟ್ಟಿ ಹಾಕಿ, ಅದರ ಮೇಲೆ ಟ್ಯುಲಿಪ್ ಹೂವಿನ ದಂಟು ಬರೆಸಿ ಮುಚ್ಚಿ, ತನ್ನ ಹೆಸರಿನ ಚಿನ್ನ ಬಳಿದ ಸೀಸದ ಗುಲಾಬಿಯನ್ನು ಹಲಗೆಯ ತೂತಿಗೆ ಕೂರಿಸಿ, ಕಲೋನಿನ ವರ್ತಕನಿಗೆ ಕೊಟ್ಟ. ಅಂಥ ದನಿಯ ವಾದ್ಯ ಆಂಟ್ವರ್ಪಿನಿಂದ ಬಂದಿರಲಿಲ್ಲ ಅಂತ ಅಲ್ಲಿಯ ಮಂದಿ ಅಂದರು. ಸ್ಟಾಲೆನ್ಸನಿಗೆ ಹೆಸರು ಬಂದದ್ದು ಅಲ್ಲಿಂದ ಮುಂದೆ.

ಇಷ್ಟು ಊರಿಗೆಲ್ಲ ಗೊತ್ತಿತ್ತು. ಇದಕ್ಕೆ ಡಿಗ್ನಾ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಸೀಳಿದ ವಾದ್ಯವನ್ನು ಪರೀಕ್ಷಕ ಇಟ್ಟುಕೊಳ್ಳುವುದು ಕಟ್ಟಳೆಯೊಳಗಿನ ಮಾತೇ. ಊರಿಗೆ ಗೊತ್ತಿಲ್ಲದ್ದನ್ನು ಅವಳಿಗೆ ಹೇಳಿದವಳು ಟಾನೆಕೆ ಎಂಬ ಅಗಸಗಿತ್ತಿ. ಹನ್ನೆರಡು ವರ್ಷದ ಹಿಂದೆ ಬಡವರ ಆಸ್ಪತ್ರೆಯಲ್ಲಿ ಸಾಯಲು ಮಲಗಿದ್ದಾಗ ಟಾನೆಕೆ ಹೇಳಿ ಕಳಿಸಿದಳು. ಯೋರಿಸ್ ಪರೀಕ್ಷೆಗೆ ಕೂತ ವರ್ಷ, ನವೆಂಬರಿನ ಸಂತ ಮಾರ್ಟಿನ್ ಹಬ್ಬದ ಮುಂಚೆ, ಯಾರೂ ದೊಡ್ಡ ಒಗೆತ ಹಾಕದ ಕಾಲದಲ್ಲಿ, ಸ್ಟಾಲೆನ್ಸ್ ಯಜಮಾನ ಅವಳನ್ನು ಕರೆಸಿ ಒಂಬತ್ತು ದಿನ ಬೂದಿನೀರು ಕಾಯಿಸಿ ಬಟ್ಟೆ ಒಗೆಸಿದನಂತೆ. ಒಗೆದದ್ದನ್ನು ಅಟ್ಟದಲ್ಲಿ ಹರವದೆ ಯೋರಿಸ್ ಕೆಲಸ ಮಾಡುವ ಕೋಣೆಯ ಗೋಡೆಯಾಚೆ ಹರವಿಸಿದನಂತೆ. ಅವನ ಹೆಂಡತಿಗೇ ಅದು ಸೋಜಿಗವಾಗಿತ್ತಂತೆ.

"ಒಗ್ದಿದ್ದ ಬಟ್ಟೆನೇ ಮತ್ತೆ ಒಗ್ದೆ ಕಣವ್ವ," ಅಂದಳು ಟಾನೆಕೆ. "ಆವಾಗ ನಂಗೆ ಏನು ಗೊತ್ತು. ಮರದ ಕೆಲಸದವರ ಮನೆಗೆ ಆಮೇಲೆ ಮದ್ವೆಯಾಗಿ ಹೋದೆ ನೋಡು, ಆಗ ತಿಳೀತು."

ಡಿಗ್ನಾಗೆ ವಿವರಿಸಬೇಕಿರಲಿಲ್ಲ. ಅವಳೂ ಆ ಕಸುಬಿನ ಮನೆಯವಳೇ. ತೆಳ್ಳನೆಯ ಹಲಗೆ ಹಬೆ ಕುಡಿದರೆ ಅಡ್ಡಗಲಕ್ಕೆ ಹಿಗ್ಗುತ್ತದೆ. ಹಿಗ್ಗಿದ್ದಾಗಲೇ ಅದರ ಅಂಚುಗಳನ್ನು ಪೆಟ್ಟಿಗೆಗೆ ಅಂಟಿಸಿದರೆ ಅಂದಿಗೆ ಏನೂ ತೋರುವುದಿಲ್ಲ. ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದು, ಬೆಂಕಿ ಹಾಕಿದ ಕೋಣೆಯ ಗಾಳಿ ಒಣಗಿದಾಗ ಹಲಗೆ ಕುಗ್ಗಲು ನೋಡುತ್ತದೆ. ಅಂಟು ಬಿಡುವುದಿಲ್ಲ. ಆಗ ಅದು ನಡುವೆ ಸೀಳಲೇಬೇಕು. ಅದಕ್ಕೇ ಮೇಸ್ತ್ರಿಗಳು ಅಂಟು ಹಾಕುವ ವಾರ ಮನೆಯಲ್ಲಿ ಸಾರು ಕುದಿಸುವುದಕ್ಕೂ ಬಿಡುವುದಿಲ್ಲ.

ಕೂದಲು ನರೆಯುತ್ತದೆ, ಹಗೆ ನರೆಯುವುದಿಲ್ಲ. ಡಿಗ್ನಾ ಹನ್ನೆರಡು ವರ್ಷ ಇದನ್ನು ಗಂಡನಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು. ಹೇಳಿ ಏನು ಮಾಡುವುದು. ಟಾನೆಕೆ ಸತ್ತಿದ್ದಳು. ಸ್ಟಾಲೆನ್ಸ್ ಸಂಘದ ಹಿರಿಯನಾಗಿ, ತುಪ್ಪಳದ ಕಾಲರು ಹಾಕಿಕೊಂಡು, ಗುಡಿಯಲ್ಲಿ ಮುಂದಿನ ಸಾಲಿನಲ್ಲಿ ಮೊಣಕಾಲೂರುತ್ತಿದ್ದ. ಹಿಂದೆ ರೊಟ್ಟಿ ತರುತ್ತಿದ್ದ ಹುಡುಗಿಯೇ ಈ ಗೊಮ್ಮಾರನ ಹೆಂಡತಿ ಎಂಬುದು ಅವನಿಗೆ ನೆನಪಿರಲಿಲ್ಲ. ಗುಡಿಯ ಬಾಗಿಲಲ್ಲಿ ಎದುರಾದರೆ, ಏನಮ್ಮಾ ಚೆನ್ನಾಗಿದೀಯಾ ಅನ್ನುತ್ತಿದ್ದ. ಚೆನ್ನಾಗಿದೀನಿ ಯಜಮಾನ್ರೇ ಅನ್ನುತ್ತಿದ್ದಳು. ಈಗ ಅವನ ಒಬ್ಬನೇ ಮಗ ತಾನಾಗಿ ಅವಳ ಮನೆಗೆ ಬಂದಿದ್ದ.

ಲೀವೆನ್ ಮೂವತ್ತು ದಾಟಿದವನು. ಅಪ್ಪನ ಹಾಗೆ ಎತ್ತರ, ಅಪ್ಪನ ಹಾಗೆ ದನಿ ಇಲ್ಲ. ಬಂದ ಮೊದಲ ದಿನವೇ ಬೂಟು ಬಿಚ್ಚಿ ಬಾಗಿಲಲ್ಲಿಟ್ಟು ಒಳಗೆ ಬಂದ. ಡಿಗ್ನಾಗೆ ಅದು ಹಿಡಿಸಲಿಲ್ಲ. ಕೆಟ್ಟವನಾಗಿ ಬಂದಿದ್ದರೆ ಚೆನ್ನಾಗಿತ್ತು. ಅಡಿಗೆಮನೆಯ ಅಲುಗಾಡುವ ಹಲಗೆಗೆ ಅವಳು ಕೇಳದೆಯೇ ಬೆಣೆ ಹೊಡೆದುಕೊಟ್ಟ. ಅವಳು ಕಿಟಕಿಯ ಹತ್ತಿರ ಕೂತು ಗಂಡನ ವಾದ್ಯಗಳಿಗೆ ಕಾಗೆಗರಿ ಕೊಯ್ಯುವುದನ್ನು ನೋಡಿ, ಆ ಕೆಲಸ ಅವಳ ಹಾಗೆ ಮಾಡುವವರು ಊರಲ್ಲಿ ಇಲ್ಲವೆಂದ. ಅದು ನಿಜವೇ ಆಗಿತ್ತು. ಒಂದು ವಾದ್ಯಕ್ಕೆ ನಲವತ್ತೈದು ಕಡ್ಡಿ. ಒಂದೊಂದು ಕಡ್ಡಿಯ ನಾಲಿಗೆಗೆ ಒಂದೊಂದು ಗರಿಮುಳ್ಳು. ಮಣೆ ಒತ್ತಿದಾಗ ಕಡ್ಡಿ ಎದ್ದು, ಮುಳ್ಳು ತಂತಿಯನ್ನು ಮೀಟಿ, ಮತ್ತೆ ಮಲಗುತ್ತದೆ. ಕೂದಲೆಳೆಯಷ್ಟು ದಪ್ಪವಾದರೆ ದನಿ ಗದರುತ್ತದೆ, ಕೂದಲೆಳೆಯಷ್ಟು ತೆಳುವಾದರೆ ಪಿಸುಗುಡುತ್ತದೆ.

"ಯಾರ ಹತ್ರ ಕಲಿತ್ರಿ, ಡಿಗ್ನಾ ಅಕ್ಕ?" ಎಂದು ಕೇಳಿದ.

"ಶವಪೆಟ್ಟಿಗೆ ಮಾಡೋನೊಬ್ಬನ ಹತ್ರ," ಅಂದಳು. ಅವನು ತಮಾಷೆಯೆಂದುಕೊಂಡು ನಕ್ಕ.

ಅವನ ಹೆಂಡತಿ ಬಸುರಿಯಾಗಿದ್ದಳು. ಮೇಸ್ತ್ರಿಯಾಗದೆ ಬೇರೆ ಮನೆ ಮಾಡುವ ಹಾಗಿಲ್ಲ. ಅಪ್ಪನ ಮನೆಯಲ್ಲಿ ಅಪ್ಪನ ಮಾತೇ ಮಾತು. ಇದನ್ನೆಲ್ಲ ಊಟದ ಹೊತ್ತಿನಲ್ಲಿ ಅವನೇ ಹೇಳಿಕೊಂಡ. ಡಿಗ್ನಾ ಟರ್ನಿಪ್ ಗೆಡ್ಡೆ ಹಾಕಿದ ಕುರಿಮಾಂಸದ ಪಲ್ಯವನ್ನು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಕೆಟ್ಟರೆ ತನಗೇನೂ ಸಂತೋಷವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅಪ್ಪನನ್ನು ಮುಟ್ಟಬೇಕಾದರೆ ಮಗನ ಮೇಲೆ ಕಾಲಿಟ್ಟೇ ಹೋಗಬೇಕು, ಬೇರೆ ದಾರಿಯಿಲ್ಲ.

ಅವಳು ಯೋಚಿಸಿದ್ದು ಇಷ್ಟು. ಹಲಗೆ ಸೀಳುತ್ತದೆ. ಸಂಘದವರು ಮೂರು ಸಲ ಕೇಳುತ್ತಾರೆ. ಹೇಗೆ ಸೀಳಿತೆಂದು ಆ ಕೋಣೆಯಲ್ಲಿ ತಿಳಿಯುವುದು ಒಬ್ಬ ಮುದುಕನಿಗೆ ಮಾತ್ರ, ಯಾಕೆಂದರೆ ಅವನೇ ಹಿಂದೆ ಹಾಗೆ ಮಾಡಿದವನು. ಮಗನನ್ನು ಉಳಿಸಿಕೊಳ್ಳಬೇಕಾದರೆ ಅವನು ಬಾಯಿ ಬಿಡಬೇಕು. ಒಗೆತದ ಮಾತು ಅವನ ಬಾಯಲ್ಲಿ ಬಂದರೆ, ಅದು ನಿನಗೆ ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳುತ್ತಾರೆ. ಆಗ ಯೋರಿಸ್ ಬೋಗಾರ್ಟನ ಹೆಸರು ಬರುತ್ತದೆ. ಮೂವತ್ತನಾಲ್ಕು ವರ್ಷದ ಮೇಲೆ, ಹಿರಿಯರ ಎದುರಿಗೆ, ಆ ಹೆಸರಿನ ಮೇಲಿನ ಮಸಿ ಅದನ್ನು ಬಳಿದವನ ಬಾಯಿಂದಲೇ ಒರಸಿಹೋಗಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಸಂತ ಮಾರ್ಟಿನ್ ಹಬ್ಬಕ್ಕೆ ಹತ್ತು ದಿನ ಇರುವಾಗ ಲೀವೆನ್ ಹಲಗೆಯನ್ನು ಕೆತ್ತಿ ಮುಗಿಸಿ, ಕೆಲಸದ ಕೋಣೆಯಲ್ಲಿ ಚಿಮಣಿಯ ಪಕ್ಕದ ಗೋಡೆಗೆ ಒಣಗಲು ತೂಗುಹಾಕಿದ. ಮಾರನೆಯ ಬೆಳಿಗ್ಗೆ ಡಿಗ್ನಾ ದೊಡ್ಡ ತಾಮ್ರದ ಹಂಡೆ ಒಲೆಗೇರಿಸಿದಳು. ಗೊಮ್ಮಾರನ ತಂಗಿಗೆ ಬಾಣಂತನ, ಅವರ ಮನೆಯ ಬಟ್ಟೆಯೆಲ್ಲ ಇಲ್ಲಿಗೆ ಬಂದಿದೆ ಅಂದಳು. ಬಂದದ್ದೂ ಹೌದು, ಅವಳೇ ಹೋಗಿ ಕೇಳಿ ತಂದಿದ್ದಳು. ಬೂದಿನೀರು ಕಾಯಿಸಿದಳು, ಹಾಸುಬಟ್ಟೆಗಳನ್ನು ಕುದಿಸಿದಳು, ಹಿಂಡಿದಳು. ಕೆಲಸದ ಕೋಣೆಗೂ ಅಡಿಗೆಮನೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅದರ ಉದ್ದಕ್ಕೂ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದಳು. ಹೊರಗೆ ಜಿಟಿಜಿಟಿ ಮಳೆ. ಯಾವುದೂ ಒಣಗುತ್ತಿರಲಿಲ್ಲ. ಕಿಟಕಿಯ ಗಾಜುಗಳಲ್ಲಿ ನೀರು ಇಳಿಯುತ್ತಿತ್ತು.

ಗೊಮ್ಮಾರ್ ಒಮ್ಮೆ ಮೂಗು ಸೊಟ್ಟ ಮಾಡಿ, ಹುಡುಗ ಅಂಟು ಹಾಕೋ ವಾರ ಕಣೇ ಇದು ಅಂದ. ನಿನ್ನ ತಂಗಿ ಒದ್ದೆ ಬಟ್ಟೆ ಮೇಲೆ ಮಲಗಲೇನು ಅಂದಳು ಡಿಗ್ನಾ. ಅವನು ಎಣ್ಣೆ ತರಬೇಕೆಂದು ಹೊರಗೆ ಹೋದ. ಲೀವೆನ್ ಹಲಗೆಯನ್ನು ತುಟಿಗೆ ತಾಗಿಸಿ ನೋಡುತ್ತಿದ್ದ. ತೇವ ತಿಳಿಯಲು ಅವರು ಮಾಡುವುದು ಹಾಗೆ. ಆದರೆ ಎಲ್ಲವೂ ಒದ್ದೆಯಾಗಿರುವ ಮನೆಯಲ್ಲಿ ತುಟಿಗೂ ಒಣಗಿದ್ದು ಯಾವುದೆಂದು ಮರೆತುಹೋಗುತ್ತದೆ. ಅನುಮಾನ ಬಂದಿದ್ದರೂ ಪರೀಕ್ಷಕನ ಹೆಂಡತಿಗೆ ಬಟ್ಟೆ ಒಗೆಯಬೇಡ ಅನ್ನಲು ಅವನಿಗೆ ಬಾಯಿಲ್ಲ. ಏಳನೆಯ ದಿನ ಬಂದು ಬಾಗಿಲಲ್ಲಿ ನಿಂತ. ಏನೋ ಕೇಳುತ್ತಾನೆ ಅಂತ ಡಿಗ್ನಾ ಕೈಯಲ್ಲಿದ್ದ ಬಟ್ಟೆಯನ್ನು ಹಿಡಿದೇ ನಿಂತಳು. ಹಿಂಡಲು ಒಂದು ತುದಿ ಹಿಡಿಯಲೇ ಎಂದು ಕೇಳಿದ. ಬೇಡ ಅಂದಳು.

ಒಂಬತ್ತನೆಯ ದಿನ ಅವನು ಹಲಗೆಯನ್ನು ಪೆಟ್ಟಿಗೆಗೆ ಅಂಟಿಸಿದ. ಅದೇ ಸಂಜೆ ಡಿಗ್ನಾ ಹಂಡೆ ಇಳಿಸಿದಳು. ಹಬ್ಬದ ದಿನ ಎಲ್ಲರೂ ಕೂತು ಬಾತುಕೋಳಿ ತಿಂದರು.

ಬಣ್ಣದ ಕೆಲಸವೊಂದು ಮಾತ್ರ ಕಟ್ಟಳೆಗೆ ಹೊರಗು; ಆಮೇಲೆ ಚಿತ್ರದವನು ಬಂದು ಹಲಗೆಯ ಮೇಲೆ ಹೂವು, ಜೀರುಂಡೆ ಬರೆದ. ಲೀವೆನ್ ತಂತಿ ಬಿಗಿದ, ಮುಳ್ಳು ಕೂರಿಸಿದ. ಕ್ರಿಸ್ಮಸ್ಸಿನ ಹೊತ್ತಿಗೆ ಬಿದ್ದ ಚಳಿ ಅಂಥಿಂಥದ್ದಲ್ಲ. ಷೆಲ್ಡೆ ಹೊಳೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿ ಜನ ಅದರ ಮೇಲೆ ಗುಡಾರ ಹಾಕಿ ಬಿಯರು ಮಾರಿದರು. ಪೀಪಾಯಿಯೊಳಗಿನ ಬಿಯರೂ ಗಟ್ಟಿಯಾಗಿ ಕೊಡಲಿಯಿಂದ ಒಡೆದು ಕೊಟ್ಟರಂತೆ. ಡಿಗ್ನಾ ಕೆಲಸದ ಕೋಣೆಗೆ ಬೆಂಕಿ ಹಾಕದೆ ತಣ್ಣಗಿಟ್ಟಳು; ಒಲೆಯ ಕಾವಿಲ್ಲದೆ ಹಲಗೆ ಪೂರ್ತಿ ಒಣಗುವುದಿಲ್ಲ. ಸೀಳು ಮುಂಚೆಯೇ ಬಂದುಬಿಟ್ಟರೆ ಹಿರಿಯರು ಬರುವುದೇ ಇಲ್ಲ. ಅದು ಕಾಯಬೇಕು. ಅವಳು ಕಾದಿರಲಿಲ್ಲವೇ.

ಪರೀಕ್ಷೆ ಜನವರಿಯ ಮೂರನೆಯ ಗುರುವಾರ ಬೆಳಿಗ್ಗೆ. ನಸುಕಿನಿಂದಲೇ ಡಿಗ್ನಾ ಆ ಕೋಣೆಯ ಒಲೆಗೆ ಓಕ್ ಮರದ ಸೌದೆ ಒಟ್ಟಿದಳು. ಹಿರಿಯರಿಗೆ ಚಳಿಯಾಗಬಾರದಲ್ಲ ಅಂದಳು. ಆಮೇಲೆ ಆ ಹಲಗೆಗೋಡೆಯ ಉದ್ದಕ್ಕೂ ಹಗ್ಗ ಕಟ್ಟಿ, ಒಣಗಿದ ಬಿಳಿ ಹಾಸುಬಟ್ಟೆಗಳನ್ನೆಲ್ಲ ಮತ್ತೆ ಹರವಿ, ಬಾಗಿಲು ತೆರೆದಿಟ್ಟಳು.

ಸಂಘದವರು ನಾಲ್ಕು ಮಂದಿ ಬಂದರು. ಇನ್ನೊಬ್ಬ ಪರೀಕ್ಷಕ ಮಾರ್ಟೆನ್, ಕೆಮ್ಮುವ ದಪ್ಪ ಮನುಷ್ಯ, ಕೇಳುವುದು ನಡೆಸುವುದು ಎಲ್ಲ ಅವನದೇ. ಗೊಮ್ಮಾರ್ ಮನೆಯ ಯಜಮಾನನಾದ್ದರಿಂದ ಸುಮ್ಮನೆ ಕೂತಿರಬೇಕು. ರೋಂಬೌಟ್ ಸ್ಟಾಲೆನ್ಸ್ ಕೋಲೂರಿಕೊಂಡು ಕೊನೆಗೆ ಬಂದ. ಎಪ್ಪತ್ತು ದಾಟಿದ್ದರೂ ಕೆನ್ನೆ ಕೆಂಪಾಗಿತ್ತು. ಮಗನ ವಾದ್ಯವನ್ನು ಒಂದು ಸುತ್ತು ಬಂದು ನೋಡಿದ. ಮುಖ ಅರಳಿತು. ಕೆಲಸ ಚೆನ್ನಾಗಿತ್ತು, ಡಿಗ್ನಾಗೂ ಅದು ಗೊತ್ತಿತ್ತು.

ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಅದಕ್ಕೆ ಸರಿ ಉತ್ತರವಿಲ್ಲ, ನಗಲಿಕ್ಕೆ ಕೇಳುವುದು. ಮಾರ್ಟೆನ್ ಗಂಟಲು ಸರಿಮಾಡಿಕೊಂಡು, ಇದಕ್ಕೆ ವರ್ಜಿನಲ್ ಎಂದು ಯಾಕೆ ಹೆಸರು ಬಂತು ಹೇಳಪ್ಪ ಅಂದ. ವರ್ಜಿನ್ ಅಂದರೆ ಕನ್ಯೆ, ಮದುವೆಯಾಗದ ಹುಡುಗಿಯರು ನುಡಿಸುವುದರಿಂದ ಆ ಹೆಸರು ಅನ್ನುವವರು ಹೆಚ್ಚು. ಕನ್ಯಾಮಠದ ಸೋದರಿಯರು ಇದನ್ನು ನುಡಿಸಿಕೊಂಡು ಕನ್ಯೆ ಮರಿಯಮ್ಮನ ಹಾಡು ಹೇಳುತ್ತಿದ್ದರಂತೆ, ಹೆಸರು ಆ ತಾಯಿಯದು ಅನ್ನುವವರುಂಟು. ಲ್ಯಾಟಿನ್ ಓದಿದವರು, ಅದೆಲ್ಲ ಸುಳ್ಳು, ಆ ಮಾತಿಗೆ ಕೋಲು ಎಂದರ್ಥ, ಒಳಗೆ ಎದ್ದು ಬೀಳುವ ಕಡ್ಡಿಗಳಿಂದ ಬಂದ ಹೆಸರು ಎಂದು ವಾದಿಸುತ್ತಾರೆ. ಇಟಲಿಯವರು ಇದರ ತಮ್ಮನಂಥ ವಾದ್ಯವನ್ನು ಮುಳ್ಳು ಎಂದೇ ಕರೆಯುತ್ತಾರಂತೆ. ಬೆರಳ ತುದಿಯೆಲ್ಲ ಗಾಯದ ಗುರುತಿರುವ ಡಿಗ್ನಾಗೆ ಅದೇ ಸರಿಯೆನಿಸುತ್ತಿತ್ತು. ಅವಳ ಅಪ್ಪ ಅವತ್ತು ಕಡ್ಡಿ ಅಂದಿದ್ದ. ಅದಕ್ಕೆ ಸ್ಟಾಲೆನ್ಸ್, ಸೌದೆ ಒಡೆಯೋನ ಮಗನಿಗೆ ಕನ್ಯೆನೂ ಕಟ್ಟಿಗೆಯಾಗೇ ಕಾಣ್ತಾಳೆ ಅಂದು ಎಲ್ಲರನ್ನೂ ನಗಿಸಿದ್ದನಂತೆ. ಅಪ್ಪ ಸಾಯುವವರೆಗೆ ಆ ಮಾತನ್ನು ಆಗಾಗ ಹೇಳಿಕೊಂಡು ತಾನೇ ನಗುತ್ತಿದ್ದ. ಆ ನಗು ನೋಡಲಾಗುತ್ತಿರಲಿಲ್ಲ.

"ನನ್ನ ಹೆಂಡ್ತಿ ಬಸುರಿ," ಅಂದ ಲೀವೆನ್. "ಹೆಣ್ಣು ಹುಟ್ಟಿದ್ರೆ ಕನ್ಯೆ ಅಂತ ಹೇಳ್ತೀನಿ, ಗಂಡು ಹುಟ್ಟಿದ್ರೆ ಕಡ್ಡಿ ಅಂತೀನಿ. ಎರಡು ತಿಂಗಳು ಗಡುವು ಕೊಡಿ."

ಹಿರಿಯರು ಹೊಟ್ಟೆ ಕುಲುಕಿಸಿ ನಕ್ಕರು. ಮುದುಕ ಸ್ಟಾಲೆನ್ಸನೂ ನಕ್ಕ. ಮಾರ್ಟೆನ್ ಕೂತು ನುಡಿಸತೊಡಗಿದ. ಒಂದು ಕುಣಿತದ ಧಾಟಿ, ಆಮೇಲೆ ಒಂದು ನಿಧಾನದ್ದು. ದನಿ ತುಂಬಿತ್ತು, ದುಂಡಗಿತ್ತು. ಒಲೆ ಧಗಧಗ ಉರಿಯುತ್ತಿತ್ತು. ಡಿಗ್ನಾ ಅಡಿಗೆಮನೆಯ ಹೊಸ್ತಿಲಲ್ಲಿ ಕೈಕಟ್ಟಿ ನಿಂತು ಹಲಗೆಯನ್ನೇ ನೋಡುತ್ತಿದ್ದಳು. ನಿಧಾನದ್ದರ ನಡುವೆ, ಒಣಗಿದ ಅಕ್ರೋಟು ಒಡೆದ ಹಾಗೆ ಒಂದು ಸದ್ದಾಯಿತು. ಮಾರ್ಟೆನ್ ಕೈ ಎತ್ತಿದ. ಸೀಳು ಜೀರುಂಡೆಯ ಬೆನ್ನಿನ ಮೇಲಿಂದ ಹೊರಟು ಗುಲಾಬಿಯ ತೂತಿನ ತನಕ ನೆಟ್ಟಗೆ ಹೋಗಿತ್ತು.

ಲೀವೆನ್ ಮೆಲ್ಲಗೆ ಬಂದು ಸೀಳಿನ ಮೇಲೆ ಬೆರಳಿಟ್ಟ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ.

ಸ್ಟಾಲೆನ್ಸ್ ಬಗ್ಗಿ ನೋಡಿದ. ಕಸುಬು ಬಲ್ಲವನು, ಅಂಚು ನೋಡಿದ, ಮರದ ಎಳೆ ನೋಡಿದ. ತಲೆಯೆತ್ತಿ ಒಲೆ ನೋಡಿದ. ಆಮೇಲೆ ತೆರೆದ ಬಾಗಿಲಾಚೆ ಗೋಡೆಯುದ್ದಕ್ಕೂ ತೂಗುತ್ತಿದ್ದ ಬಿಳಿ ಬಟ್ಟೆಗಳು ಅವನ ಕಣ್ಣಿಗೆ ಬಿದ್ದವು.

"ಒಗೆತ ಯಾವಾಗ ಹಾಕಿದ್ದೆಯಮ್ಮ?" ಎಂದು ಕೇಳಿದ. ದನಿ ಸಾಧಾರಣವಾಗಿಯೇ ಇತ್ತು.

"ಸಂತ ಮಾರ್ಟಿನ್ ಹಬ್ಬದ ಮುಂಚೆ, ಯಜಮಾನ್ರೇ. ಒಂಬತ್ತು ದಿನ ಒಗ್ದೆ."

"ಒಂಬತ್ತು ದಿನ."

"ಹೌದು. ಟಾನೆಕೆ ಅಂತ ಒಬ್ಳು ಕಲಿಸಿಕೊಟ್ಟಿದ್ಲು. ನಿಮ್ಮನೇಲೂ ಒಗೀತಿದ್ಲಂತೆ."

ಅವನ ಕೆನ್ನೆಯ ಕೆಂಪು ಇಳಿದದ್ದನ್ನು ಡಿಗ್ನಾ ಕಣ್ಣಾರೆ ಕಂಡಳು. ಬೇರೆಯವರಿಗೆ ಅದು ಮಗನಿಗಾಗಿ ಮರುಗುವ ಅಪ್ಪನ ಮುಖದ ಹಾಗೆ ಕಂಡಿರಬೇಕು. ಅವನು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಹುಬ್ಬು ನೋಡಿದ, ಗಲ್ಲ ನೋಡಿದ. ಗುರುತು ಹತ್ತಿತು. ಕೋಲಿನ ತುದಿ ನೆಲದ ಮೇಲೆ ಟಕಟಕ ಅಂದಿತು. ಮೂವತ್ತನಾಲ್ಕು ವರ್ಷದಲ್ಲಿ ಡಿಗ್ನಾ ಅಷ್ಟು ಒಳ್ಳೆಯ ಸದ್ದು ಕೇಳಿರಲಿಲ್ಲ.

ಮಾರ್ಟೆನ್ ಎದ್ದು ನಿಂತು ಕಟ್ಟಳೆಯ ಮಾತು ಕೇಳಿದ. ಈ ದೋಷಕ್ಕೆ ಮಾಡಿದವನ ಕೈಯಲ್ಲದೆ ಬೇರೆ ಕಾರಣ ಬಲ್ಲವರಿದ್ದರೆ ಹೇಳಬೇಕು ಎಂದು ಮೊದಲನೆಯ ಸಲ.

ಸ್ಟಾಲೆನ್ಸ್ ತುಟಿ ನೆಕ್ಕಿಕೊಂಡ. ಈಗ ಹೇಳುತ್ತಾನೆ ಎಂದುಕೊಂಡಳು ಡಿಗ್ನಾ. ಎಷ್ಟೆಂದರೂ ಮಗ. ಒಬ್ಬನೇ ಮಗ. ಅವನು ಬಾಯಿ ತೆರೆದು, ಮುಚ್ಚಿ, ಬೆಂಕಿಯನ್ನು ನೋಡುತ್ತ ಕೂತ.

ಮಾರ್ಟೆನ್ ಎರಡನೆಯ ಸಲ ಕೇಳಿದ. ಲೀವೆನ್ ಅಪ್ಪನ ಕಡೆ ತಿರುಗಿದ. ಅಪ್ಪ ಇಷ್ಟು ಕಂಡವನು, ಏನಾದರೂ ಹೇಳಿಯಾನು ಎಂಬ ಆಸೆ ಆ ಮುಖದ ಮೇಲೆ ಇತ್ತು. ಮುದುಕ ಮಗನನ್ನು ನೋಡಲಿಲ್ಲ. ಕಾಲರಿನ ತುಪ್ಪಳವನ್ನು ಸರಿಮಾಡಿಕೊಂಡ. ಆಗ ಲೀವೆನ್ ವಾದ್ಯದಿಂದ ಬೆರಳು ತೆಗೆದು ಹಿರಿಯರ ಕಡೆ ನಿಂತ.

"ಕೈ ನನ್ನದೇ," ಅಂದ. "ತಪ್ಪೂ ನನ್ನದೇ."

ಡಿಗ್ನಾಳ ಲೆಕ್ಕ ತಪ್ಪಿತ್ತು. ಮಗನ ಮೇಲಿನ ಪ್ರೀತಿಗೆ ಮುದುಕ ಬಾಯಿ ಬಿಡುತ್ತಾನೆ ಅಂದುಕೊಂಡಿದ್ದಳು. ಅವನಿಗೆ ಮಗನಿಗಿಂತ ಕಾಲರು ಹೆಚ್ಚು ಎಂದು ಅವಳು ಎಣಿಸಿರಲಿಲ್ಲ. ಈಗ ಏನಾಯಿತು? ಇನ್ನೊಬ್ಬ ಯೋರಿಸ್ ಆದ, ಅಷ್ಟೇ. ಇವನೂ ಇನ್ನು ಜನ್ಮಪೂರ್ತಿ ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತ ಬದುಕುತ್ತಾನೆ. ಮುದುಕ ಇವತ್ತೂ ಗೆದ್ದು, ತುಪ್ಪಳ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅಪ್ಪನ ಹೆಸರು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಇನ್ನು ಅದನ್ನು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಉಳಿದಿದ್ದರು. ಹೇಳಿದರೆ ತನ್ನ ಮನೆಯೂ ಉರಿಯುತ್ತದೆ. ಡಿಗ್ನಾ ಗಂಡನ ಕಡೆ ನೋಡಿದಳು. ಗೊಮ್ಮಾರ್ ಪಾಪ ಸೀಳನ್ನೇ ನೋಡುತ್ತ, ಕಣ್ಣಲ್ಲಿ ನೀರು ತಂದುಕೊಂಡಿದ್ದ.

ಮಾರ್ಟೆನ್ ಮೂರನೆಯ ಸಲ ಕೇಳಿದಾಗ ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ನಂಗೊತ್ತು," ಅಂದಳು. "ನಾನೇ ಸೀಳಿಸಿದ್ದು."

ಏನಮ್ಮ ಇದು ಎಂದು ಮಾರ್ಟೆನ್ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹಂಡೆ ಏರಿಸಿದ್ದು, ನಾದಿನಿಯ ಮನೆಯಿಂದ ಬಟ್ಟೆ ಕೇಳಿ ತಂದಿದ್ದು, ಒಗೆದದ್ದನ್ನೇ ಒಗೆದದ್ದು, ಕೋಣೆಯನ್ನು ತಣ್ಣಗಿಟ್ಟದ್ದು, ಬೆಳಿಗ್ಗೆ ಬೆಂಕಿ ಒಟ್ಟಿದ್ದು, ಒಂದೊಂದಾಗಿ ಹೇಳಿದಳು. ಸಂತೆಗೆ ಹೋಗಿ ಏನೇನು ತಂದೆ ಎಂದು ಹೇಳುವ ಹಾಗಿತ್ತು. ಇದು ತನ್ನ ಬುದ್ಧಿಯಲ್ಲ, ಇಲ್ಲಿ ಕೂತಿರುವ ರೋಂಬೌಟ್ ಸ್ಟಾಲೆನ್ಸನದು, ಅವನ ಹತ್ತಿರ ಕದ್ದದ್ದು ಅಂದಳು. ಅವನು ಯಾರಿಗೆ ಹೀಗೆ ಮಾಡಿದ ಎಂಬುದನ್ನೂ ಹೇಳಿದಳು.

"ಯೋರಿಸ್ ಬೋಗಾರ್ಟ್ ಅಂತ," ಅಂದಳು. "ನಮ್ಮಪ್ಪ. ಅವನ ಕೈ ಸರಿ ಇತ್ತು."

ಸ್ಟಾಲೆನ್ಸ್ ಎದ್ದು ನಿಂತ. ಹೊಟ್ಟೆಕಿಚ್ಚಿನ ಹೆಂಗಸಿನ ಮಾತು, ಸತ್ತ ಅಗಸಗಿತ್ತಿಯ ಸಾಕ್ಷಿ, ಇದನ್ನು ಯಾರು ನಂಬುತ್ತಾರೆ ಅಂದ. ಆಗ ಗೊಮ್ಮಾರ್, ನೆಲ ನೋಡುತ್ತಲೇ ಹೇಳಿದ.

"ಸುಳ್ಳು ಹೇಳೋರು ತಮ್ಮ ಮನೆ ಉಳಿಸ್ಕೊಳ್ಳೋಕೆ ಹೇಳ್ತಾರೆ, ರೋಂಬೌಟ್. ಇವಳು ನನ್ನ ಮನೆ ಸುಟ್ಟು ಹೇಳ್ತಿದಾಳೆ."

ಲೀವೆನ್ ಅಪ್ಪನನ್ನು ಒಂದೇ ಮಾತು ಕೇಳಿದ. "ಮೂರು ಸಲ ಕೇಳಿದ್ರಲ್ಲಪ್ಪ. ನಿಮಗೆ ಗೊತ್ತಿತ್ತಾ?"

ಮುದುಕ ಕೋಲಿಗಾಗಿ ತಡಕಾಡಿದ. ಅದು ಕೆಳಗೆ ಬಿದ್ದಿತ್ತು. ಎತ್ತಿಕೊಡಲು ಯಾರೂ ಬಗ್ಗಲಿಲ್ಲ.

ಆಮೇಲೆ ಆದದ್ದು ಬೇಗ ಆಯಿತು. ಸಂಘದವರು ಲೀವೆನ್ನನಿಗೆ ಮಾರ್ಟೆನ್ನನ ಮನೆಯಲ್ಲಿ ಹೊಸ ಪರೀಕ್ಷೆ ಕೊಟ್ಟರು. ಬೇಸಿಗೆಯಲ್ಲಿ ಅವನು ಮೇಸ್ತ್ರಿಯಾದ. ಗೊಮ್ಮಾರ್ ಇನ್ನೆಂದೂ ಪರೀಕ್ಷಕನಾಗಕೂಡದೆಂದು ಬರೆದರು. ರೋಂಬೌಟ್ ಸ್ಟಾಲೆನ್ಸನ ಕುರ್ಚಿಯನ್ನು ಹಿರಿಯರ ಸಾಲಿನಿಂದ ತೆಗೆದರು. ಯೋರಿಸ್ ಬೋಗಾರ್ಟನನ್ನು ಮೇಸ್ತ್ರಿಗಳ ಪುಸ್ತಕದಲ್ಲಿ ಬರೆಯಿರಿ ಎಂದು ಡಿಗ್ನಾ ಹೋಗಿ ಕೇಳಿದಳು. ಸತ್ತವರಿಗೆ ಪರೀಕ್ಷೆಯಿಲ್ಲ ಎಂದರು. ಆದರೆ ನಡೆದದ್ದನ್ನು ಬರೆದ ಪುಟವನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕಾಯಿತು. ಹೆಂಗಸರಿಗೆ ಒಳಗೆ ಜಾಗವಿಲ್ಲ. ಅವಳು ಹೊರಗೆ ಹಿಮದಲ್ಲಿ ಕಿಟಕಿಗೆ ಕಿವಿಕೊಟ್ಟು ನಿಂತು ಕೇಳಿದಳು. ಅಪ್ಪನ ಹೆಸರು ನಾಲ್ಕು ಸಲ ಬಂತು.

ಗೊಮ್ಮಾರ್ ಅವಳನ್ನು ಬೈಯಲಿಲ್ಲ. ಎದುರಿಗೆ ಬಂದದ್ದನ್ನು ತಿಂದ. ಆದರೆ ಅಂಟು ಹಾಕುವ ವಾರ ಬಂದಾಗ ಕೆಲಸದ ಕೋಣೆಗೆ ಒಳಗಿನಿಂದ ಅಗಳಿ ಹಾಕಿಕೊಳ್ಳತೊಡಗಿದ. ಅಗಳಿ ಬೀಳುವ ಸದ್ದಿಗೆ ಡಿಗ್ನಾಳ ಕೈಯಲ್ಲಿದ್ದ ಗರಿ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಕೊಯ್ಯುತ್ತಿದ್ದಳು.

ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದಳು. ಪಾದ್ರಿಗಳಿಗೆ ಎಲ್ಲ ಗೊತ್ತಿತ್ತು. ಪಶ್ಚಾತ್ತಾಪ ಉಂಟೇ ಎಂದು ಕೇಳಿದರು. ಉಂಟು ಅಂದಳು, ಆ ಹುಡುಗನಿಗೆ ಮಾಡಿದ್ದಕ್ಕೆ ಉಂಟು, ಗಂಡನಿಗೆ ಮಾಡಿದ್ದಕ್ಕೂ ಉಂಟು. ರೋಂಬೌಟನಿಗೆ ಮಾಡಿದ್ದಕ್ಕೆ ಎಂದು ಕೇಳಿದರು. ಅದಕ್ಕಿಲ್ಲ ಅಂದಳು. ಅರ್ಧ ಪಶ್ಚಾತ್ತಾಪ ದೇವರಿಗೆ ನಡೆಯುವುದಿಲ್ಲ ಎಂದು ಪಾದ್ರಿಗಳು ಪ್ರಸಾದದ ರೊಟ್ಟಿ ಕೊಡಲಿಲ್ಲ. ಮರುವರ್ಷವೂ ಹೋದಳು, ಮರುವರ್ಷವೂ ಹಾಗೇ ಆಯಿತು. ಊರೆಲ್ಲ ಎದ್ದು ಮುಂದೆ ಹೋಗುವಾಗ ಅವಳೊಬ್ಬಳು ಬೆಂಚಿನಲ್ಲಿ ಕೂತಿರುತ್ತಿದ್ದಳು. ಅದನ್ನು ಅವಳು ಭಾರವೆಂದೂ ಎಣಿಸಲಿಲ್ಲ, ಬಡಾಯಿಯೆಂದೂ ಎಣಿಸಲಿಲ್ಲ.

ಮೂರನೆಯ ವರ್ಷ ರೋಂಬೌಟ್ ಸ್ಟಾಲೆನ್ಸ್ ಸತ್ತ. ಮಗ ಬೇರೆ ಮನೆ ಮಾಡಿದ ಮೇಲೆ ಒಬ್ಬನೇ ಇದ್ದ. ಪಾದ್ರಿಗಳೇ ಡಿಗ್ನಾಳ ಮನೆಗೆ ನಡೆದು ಬಂದರು. ಅವನು ದೇವರ ಹತ್ತಿರ ಹೋದನಮ್ಮ, ಇನ್ನಾದರೂ ಬಿಡು, ಈ ಈಸ್ಟರಿಗೆ ಪೂರ್ತಿ ಪಶ್ಚಾತ್ತಾಪ ತೆಗೆದುಕೊಂಡು ಬಾ ಎಂದು ಬೇಡಿಕೊಂಡರು. ಡಿಗ್ನಾ ಅವರಿಗೆ ಬಿಸಿ ಬಿಯರು ಕೊಟ್ಟಳು. ಯೋಚಿಸುತ್ತೇನೆ ಅಂದಳು. ನಿಜವಾಗಿಯೂ ಯೋಚಿಸಿದಳು, ನಲವತ್ತು ದಿನದ ಉಪವಾಸವಿಡೀ ಗರಿ ಕೊಯ್ಯುತ್ತ ಯೋಚಿಸಿದಳು.

ಆ ವರ್ಷವೂ ಅವಳು ಅರ್ಧವನ್ನೇ ಒಯ್ದಳು.